ಊರಿನ ಪಹಣಿ, ಡೊಂಬಿವಲಿಯ ಫ್ಲ್ಯಾಟು: ಕುಟುಂಬದ ಪ್ರಕರಣಗಳಲ್ಲಿ ವಕೀಲರ ನೆರವು ಯಾವಾಗ ಬೇಕು

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಕಾಗದಪತ್ರಗಳು ಹೆಚ್ಚಾಗಿ ಎರಡು ರಾಜ್ಯಗಳಲ್ಲಿ ಹಂಚಿಹೋಗಿರುತ್ತವೆ. ಮದುವೆ ಕುಂದಾಪುರದಲ್ಲೋ ವಿಜಯಪುರದಲ್ಲೋ ನಡೆದಿರುತ್ತದೆ. ಸಂಸಾರ ಡೊಂಬಿವಲಿಯ ಫ್ಲ್ಯಾಟಿನಲ್ಲಿ, ಹೋಟೆಲು ಠಾಣೆಯಲ್ಲಿ, ಮಕ್ಕಳ ಶಾಲೆ ಐರೋಲಿಯಲ್ಲಿ ಇರುತ್ತದೆ. ಊರಿನ ಪಹಣಿಯಲ್ಲಿ ಮಾತ್ರ ಅಜ್ಜನ ಹೆಸರೇ ಉಳಿದಿರುತ್ತದೆ. ಇಂಥ ಕುಟುಂಬದಲ್ಲಿ ದಾಂಪತ್ಯ ಮುರಿದಾಗ, ಮಗುವೊಂದು ತಂದೆಯನ್ನು ಕಳೆದುಕೊಂಡಾಗ, ಹಿರಿಯರು ಉಯಿಲು ಬರೆಯದೆ ತೀರಿಕೊಂಡಾಗ ಮೊದಲು ಏಳುವ ಪ್ರಶ್ನೆ ಯಾರದು ಸರಿ ಎಂಬುದಲ್ಲ, ಯಾವ ಊರಿನ ನ್ಯಾಯಾಲಯ, ಯಾವ ಕಾಯ್ದೆ ಎಂಬುದು. ಅದರ ಉತ್ತರ ಬಹುಮಟ್ಟಿಗೆ ಮೊದಲ ಅರ್ಜಿಯಲ್ಲೇ ನಿರ್ಧಾರವಾಗಿಬಿಡುತ್ತದೆ. ಕೆಲವೊಮ್ಮೆ ಸೊಸೈಟಿಗೆ ಕೊಟ್ಟ ಒಂದು ಕಾಗದ ಅಥವಾ ಅಣ್ಣ ಕಳುಹಿಸಿದ ಬಿಡುಗಡೆ ಪತ್ರದ ಮೇಲೆ ಹಾಕಿದ ಸಹಿ ಸಾಕು, ಆಮೇಲೆ ತಿದ್ದಲು ವರ್ಷಗಳು ಹಿಡಿಯುತ್ತವೆ. ಹಾಗಾಗಿ ಇಲ್ಲಿನ ಕುಟುಂಬಗಳಿಗೆ ವಕೀಲರ ಸಲಹೆ ಬೇಕಾಗುವ ಹೊತ್ತು ವ್ಯಾಜ್ಯಕ್ಕಿಂತ ಮುಂಚೆಯೇ, ಆ ಮೊದಲ ಸಹಿಗಿಂತ ಮುಂಚೆಯೇ ಬರುತ್ತದೆ.

ಯಾವ ಮನೆಗೆ ಯಾವ ನ್ಯಾಯಾಲಯ

ವೈವಾಹಿಕ ಪ್ರಕರಣಗಳನ್ನು ಸಾಮಾನ್ಯ ಸಿವಿಲ್ ವ್ಯಾಜ್ಯಗಳಿಂದ ಬೇರ್ಪಡಿಸಿ ಕುಟುಂಬ ನ್ಯಾಯಾಲಯಗಳಿಗೆ ಒಪ್ಪಿಸಿದ್ದು 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ. ಈ ಭಾಗದಲ್ಲಿ ಠಾಣೆಯಲ್ಲೂ ಬೇಲಾಪುರದಲ್ಲೂ ಕುಟುಂಬ ನ್ಯಾಯಾಲಯಗಳಿವೆ. ಡೊಂಬಿವಲಿ ಆಡಳಿತದ ಲೆಕ್ಕದಲ್ಲಿ ಕಲ್ಯಾಣ್ ತಾಲೂಕಿಗೆ ಸೇರಿದ್ದು, ಅಲ್ಲಿನ ಆಸ್ತಿ ಮತ್ತು ವಾರಸಿನ ಅರ್ಜಿಗಳು ಕಲ್ಯಾಣ್ ನ್ಯಾಯಾಲಯಕ್ಕೆ ಹೋಗುತ್ತವೆ. ವೈವಾಹಿಕ ಅರ್ಜಿ ಎಲ್ಲಿ ಸಲ್ಲಬೇಕೆಂಬುದು ಸರ್ಕಾರದ ಅಧಿಸೂಚನೆಯನ್ನು ಅವಲಂಬಿಸಿರುವುದರಿಂದ ಸಲ್ಲಿಸುವ ಮುನ್ನ ನ್ಯಾಯಾಲಯದ ಕಚೇರಿಯಲ್ಲಿ ವಿಳಾಸ ತೋರಿಸಿ ಖಚಿತಪಡಿಸಿಕೊಳ್ಳುವುದು ಒಳಿತು. ನವಿಮುಂಬಯಿಯಲ್ಲಿ ಎಡವಟ್ಟಾಗುವುದು ಇನ್ನೂ ಸುಲಭ. ವಾಶಿ, ನೆರೂಳ್, ಐರೋಲಿ, ಬೇಲಾಪುರ ಠಾಣೆ ಜಿಲ್ಲೆಯಲ್ಲಿವೆ. ಖಾರ್‌ಘರ್, ಕಾಮೋಠೆ, ಪನ್ವೇಲ್ ರಾಯಗಡ ಜಿಲ್ಲೆಗೆ ಸೇರಿವೆ. ಎಲ್ಲವನ್ನೂ ನವಿಮುಂಬಯಿ ಎಂದೇ ಕರೆಯುವ ರೂಢಿಯಿದ್ದರೂ ಖಾರ್‌ಘರ್‌ನ ಫ್ಲ್ಯಾಟಿನ ವಾರಸು ಅರ್ಜಿಗೆ ಠಾಣೆಯ ನ್ಯಾಯಾಲಯ ಸಂಬಂಧಪಡುವುದಿಲ್ಲ.

ಕುಟುಂಬ ನ್ಯಾಯಾಲಯದಲ್ಲಿ ವಕೀಲರನ್ನಿಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ. ಕಾಯ್ದೆಯ 13ನೇ ಕಲಂ ಪ್ರಕಾರ ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು. ಬಹಳಷ್ಟು ಪ್ರಕರಣಗಳಲ್ಲಿ ಅದು ಸಿಗುತ್ತದೆ, ಆದರೂ ಆಪ್ತಸಮಾಲೋಚಕರ ಮುಂದೆ ಗಂಡಹೆಂಡಿರೇ ಕೂತು ಮಾತಾಡಬೇಕು. ಈ ಹಂತವನ್ನು ಬರೀ ಶಾಸ್ತ್ರವೆಂದು ನೋಡುವವರು ಕಳೆದುಕೊಳ್ಳುವುದು ಹೆಚ್ಚು. ಮಗು ಯಾರ ಬಳಿ, ರಜೆಯಲ್ಲಿ ಎಲ್ಲಿ, ಶಾಲೆಯ ಫೀಸು ಯಾರದು ಎಂಬ ಪ್ರಶ್ನೆಗಳು ಅತ್ಯಂತ ಕಡಿಮೆ ಖರ್ಚಿನಲ್ಲಿ ಬಗೆಹರಿಯುವ ಜಾಗ ಅದೇ.

ವಿಚ್ಛೇದನ: ಊರಿನ ಕೋರ್ಟೋ ಇಲ್ಲಿನದೋ

ಹಿಂದೂ ವಿವಾಹ ಕಾಯ್ದೆಯ 19ನೇ ಕಲಂ ಪ್ರಕಾರ ಅರ್ಜಿಯನ್ನು ಮದುವೆ ನಡೆದ ಸ್ಥಳದಲ್ಲಿ, ಎದುರುಪಕ್ಷದವರು ವಾಸವಿರುವಲ್ಲಿ ಅಥವಾ ದಂಪತಿ ಕೊನೆಯದಾಗಿ ಜೊತೆಯಾಗಿ ಬಾಳಿದಲ್ಲಿ ಹಾಕಬಹುದು. 2003ರ ತಿದ್ದುಪಡಿಯ ಬಳಿಕ ಹೆಂಡತಿಗೆ ತಾನು ಸದ್ಯ ವಾಸವಿರುವ ಊರಿನಲ್ಲೂ ಹಾಕುವ ಅವಕಾಶವಿದೆ. ಡೊಂಬಿವಲಿಯ ಮನೆ ಬಿಟ್ಟು ಉಡುಪಿಯ ತವರಿಗೆ ಹೋದ ಮಹಿಳೆ ಉಡುಪಿಯಲ್ಲೂ ಗಂಡ ಇಲ್ಲಿಯೂ ಅರ್ಜಿ ಹಾಕಿದರೆ ಒಂದೇ ಸಂಸಾರದ ಎರಡು ಪ್ರಕರಣಗಳು ಎರಡು ರಾಜ್ಯಗಳಲ್ಲಿ ಓಡತೊಡಗುತ್ತವೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಇಂಥ ಪ್ರಕರಣವನ್ನು ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿನದು, ಅದಕ್ಕಾಗಿ ದಿಲ್ಲಿಯಲ್ಲಿ ಅರ್ಜಿ ಹಾಕಬೇಕು. ಪತಿ ದೇಶದ ಹೊರಗಿದ್ದರೆ, ಉದಾಹರಣೆಗೆ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿದ್ದರೆ, ಅರ್ಜಿದಾರರ ವಾಸಸ್ಥಳವೇ ಸಾಕಾಗುತ್ತದೆ.

ಊರಿನಿಂದ ಸಮನ್ಸ್ ಬಂದಾಗ ಅದನ್ನು ಡಬ್ಬಿಯಲ್ಲಿಟ್ಟು ಸುಮ್ಮನಿರುವುದು ಇಲ್ಲಿನ ಕುಟುಂಬಗಳಲ್ಲಿ ಆಗುವ ಅತಿ ದುಬಾರಿ ತಪ್ಪು. ಹಾಜರಾಗದಿದ್ದರೆ ಏಕಪಕ್ಷೀಯ ತೀರ್ಪು ಬರುತ್ತದೆ. ಅದನ್ನು ರದ್ದುಪಡಿಸಿಕೊಳ್ಳುವ ಅರ್ಜಿಗೆ ಸಾಮಾನ್ಯವಾಗಿ ಇರುವ ಗಡುವು 30 ದಿನ. ಹಿಂದೂ ವಿವಾಹ ಕಾಯ್ದೆಯಡಿ ಕುಟುಂಬ ನ್ಯಾಯಾಲಯ ಕೊಟ್ಟ ಡಿಕ್ರಿಯ ಮೇಲ್ಮನವಿಗೆ 90 ದಿನಗಳ ಅವಧಿಯಿದೆ ಎಂದು ಮುಂಬಯಿ ಹೈಕೋರ್ಟಿನ ಪೂರ್ಣಪೀಠ 2016ರಲ್ಲಿ ಹೇಳಿದೆ. ಮೇಲ್ಮನವಿಯ ಅವಧಿ ಮುಗಿಯುವ ಮೊದಲು ಮರುಮದುವೆ ಆಗುವಂತಿಲ್ಲ.

ಇಬ್ಬರೂ ಒಪ್ಪಿ ಬೇರಾಗುವುದಾದರೆ 13-ಬಿ ಕಲಮಿನ ದಾರಿ ಇದೆ. ಕನಿಷ್ಠ ಒಂದು ವರ್ಷ ಬೇರೆ ಬಾಳಿರಬೇಕು. ಮೊದಲ ಅರ್ಜಿಯ ಬಳಿಕ ಆರು ತಿಂಗಳು ಕಾದು, ಹದಿನೆಂಟು ತಿಂಗಳೊಳಗೆ ಎರಡನೇ ಸಲ ಇಬ್ಬರೂ ಬಂದು ಒಪ್ಪಿಗೆ ಹೇಳಬೇಕು. ಆ ಆರು ತಿಂಗಳನ್ನು ತಕ್ಕ ಕಾರಣವಿದ್ದರೆ ಮನ್ನಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಮಾನಿಸಿತು. ಡಿಕ್ರಿ ಆಗುವವರೆಗೂ ಒಬ್ಬರು ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಆದ್ದರಿಂದ ಹಣ ಪೂರ್ತಿ ಮುಂಗಡವಾಗಿ ಕೈಬದಲಾಗುವ ಒಪ್ಪಂದ ಅಪಾಯಕರ, ಪೂರ್ತಿ ಕೊನೆಗೆ ಉಳಿಸುವುದೂ ಅಪಾಯಕರ. ಕಂತುಗಳನ್ನು ಹಂತಹಂತಕ್ಕೆ ಕಟ್ಟಿ ಬರೆಯುವುದು ವಕೀಲರ ಕೆಲಸ.

ಒಪ್ಪಂದದಲ್ಲಿ ಹೆಚ್ಚು ಎಚ್ಚರ ಬೇಕಾಗುವುದು ಜಂಟಿ ಗೃಹಸಾಲದ ವಿಷಯದಲ್ಲಿ. ಕಲ್ಯಾಣ್‌ನ ಫ್ಲ್ಯಾಟು ಇಬ್ಬರ ಹೆಸರಿನಲ್ಲಿದ್ದು ಸಾಲವೂ ಇಬ್ಬರದಾಗಿದ್ದರೆ, ಮನೆ ಹೆಂಡತಿಗೆ ಎಂದು ಡಿಕ್ರಿಯಲ್ಲಿ ಬರೆದ ಮಾತ್ರಕ್ಕೆ ಗಂಡನ ಸಾಲದ ಹೊಣೆ ಬ್ಯಾಂಕಿನ ಪುಸ್ತಕದಿಂದ ಅಳಿಯುವುದಿಲ್ಲ. ಬ್ಯಾಂಕಿನ ಲಿಖಿತ ಒಪ್ಪಿಗೆ, ನೋಂದಾಯಿತ ಹಕ್ಕು ಬಿಡುಗಡೆ ಪತ್ರ, ಸೊಸೈಟಿಯ ಷೇರು ಪತ್ರದಲ್ಲಿ ಹೆಸರಿನ ಬದಲಾವಣೆ, ಮೂರೂ ಆಗಬೇಕು.

ಕ್ರೈಸ್ತ ದಂಪತಿಗಳಿಗೆ 1869ರ ವಿಚ್ಛೇದನ ಕಾಯ್ದೆ ಅನ್ವಯಿಸುತ್ತದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅದರ 10-ಎ ಕಲಂ ಎರಡು ವರ್ಷಗಳ ಪ್ರತ್ಯೇಕ ವಾಸ ಕೇಳುತ್ತದೆ, ಕೇರಳ ಮತ್ತು ಕರ್ನಾಟಕದ ಹೈಕೋರ್ಟುಗಳು ಅದನ್ನು ಒಂದು ವರ್ಷವೆಂದು ಓದಿವೆ. ಮಂಗಳೂರು ಮೂಲದ ಕುಟುಂಬವೊಂದು ಅರ್ಜಿಯನ್ನು ಠಾಣೆಯಲ್ಲಿ ಹಾಕುವುದೋ ಮಂಗಳೂರಿನಲ್ಲೋ ಎಂದು ಯೋಚಿಸುವಾಗ ಈ ವ್ಯತ್ಯಾಸವನ್ನೂ ವಕೀಲರ ಬಳಿ ಕೇಳಬೇಕು. ಚರ್ಚಿನ ನ್ಯಾಯಪೀಠ ಮದುವೆಯನ್ನು ಅಸಿಂಧುವೆಂದು ಸಾರಿದರೂ ಸಿವಿಲ್ ಕಾನೂನಿನಲ್ಲಿ ಮದುವೆ ಮುಗಿದಂತಾಗದು. ಮುಸ್ಲಿಂ ಮಹಿಳೆಯರಿಗೆ 1939ರ ಕಾಯ್ದೆಯಡಿ ನ್ಯಾಯಾಲಯದ ಮೂಲಕ ವಿಚ್ಛೇದನ ಪಡೆಯುವ ಹಕ್ಕಿದೆ.

ಜೀವನಾಂಶದ ಅರ್ಜಿಗೆ ವಿಚ್ಛೇದನದವರೆಗೆ ಕಾಯಬೇಕಿಲ್ಲ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಪ್ರಕರಣ ನಡೆಯುತ್ತಿರುವಾಗಲೇ ಖರ್ಚು ಕೊಡಿಸುತ್ತದೆ. ಹಿಂದೆ 125ನೇ ಕಲಂ ಎಂದು ಎಲ್ಲರ ಬಾಯಲ್ಲಿದ್ದ ಜೀವನಾಂಶದ ಅರ್ಜಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ಬಳಿಕ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸುವುದು ಕಡ್ಡಾಯ. ಹೋಟೆಲು ನಡೆಸುವ ಕುಟುಂಬಗಳಲ್ಲಿ ಆದಾಯ ಒಬ್ಬರ ಹೆಸರಿನಲ್ಲಿ ನೇರವಾಗಿ ಕಾಣದೆ ಪಾಲುದಾರಿಕೆಯಲ್ಲೋ ಕಂಡಕ್ಟಿಂಗ್ ಕರಾರಿನಲ್ಲೋ ಅಡಗಿರುತ್ತದೆ. ಇದನ್ನು ಬಿಡಿಸಿ ತೋರಿಸಲು ವಕೀಲರ ಜೊತೆಗೆ ಲೆಕ್ಕಪರಿಶೋಧಕರೂ ಬೇಕಾಗುತ್ತಾರೆ.

ಹೊಡೆತ, ಬೆದರಿಕೆ, ಮನೆಯಿಂದ ಹೊರಹಾಕುವಿಕೆ ಇದ್ದಲ್ಲಿ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು. ಮಹಿಳೆ ತಾತ್ಕಾಲಿಕವಾಗಿ ವಾಸವಿರುವ ಊರಿನಲ್ಲೂ ಇದನ್ನು ಹಾಕಬಹುದು. ಮನೆ ಅತ್ತೆಮಾವಂದಿರ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಸೊಸೆಗೆ ವಾಸದ ಹಕ್ಕು ತಪ್ಪುವುದಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ಇಲ್ಲಿ ಮಾತ್ರ ವಕೀಲರನ್ನು ಹುಡುಕುವುದಕ್ಕಿಂತ ಮೊದಲು ಸುರಕ್ಷಿತ ಜಾಗ ಹುಡುಕಬೇಕು. ಮಹಿಳಾ ಸಹಾಯವಾಣಿ 181 ಇದಕ್ಕೆ ದಾರಿ ತೋರಿಸುತ್ತದೆ, ಸಂರಕ್ಷಣಾಧಿಕಾರಿ ಅರ್ಜಿ ಬರೆಯಲೂ ನೆರವಾಗುತ್ತಾರೆ.

ಮಕ್ಕಳ ಪಾಲಕತ್ವ ಮತ್ತು ಮಕ್ಕಳ ಪಾಲು

ಮಗು ಯಾರ ಬಳಿ ಬೆಳೆಯಬೇಕು ಎಂಬುದೂ ಮಗುವಿನ ಆಸ್ತಿಯನ್ನು ಯಾರು ನಿರ್ವಹಿಸಬೇಕು ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದು ಕುಟುಂಬ ನ್ಯಾಯಾಲಯಕ್ಕೆ ಸೇರಿದ್ದು. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯಕ್ಕೆ ಅಧಿಕಾರ ಕೊಡುತ್ತದೆ. ಶಾಲಾ ವರ್ಷದ ನಡುವೆ ಮಗುವನ್ನು ಊರಿಗೆ ಕರೆದೊಯ್ದು ಅಲ್ಲಿನ ಶಾಲೆಗೆ ಸೇರಿಸಿದರೆ ‘ಸಾಮಾನ್ಯ ವಾಸ’ ಯಾವುದೆಂಬುದೇ ವಿವಾದವಾಗುತ್ತದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು ಎಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ಎಲ್ಲಕ್ಕಿಂತ ಮಗುವಿನ ಹಿತವೇ ದೊಡ್ಡದು ಎಂದು ಅದೇ ಕಾಯ್ದೆಯ 13ನೇ ಕಲಂ ವಿಧಿಸಿದೆ. ತಂದೆ ಬದುಕಿದ್ದೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಸಹಜ ಪಾಲಕಿಯೆಂದು 1999ರ ಗೀತಾ ಹರಿಹರನ್ ತೀರ್ಪು ಎತ್ತಿಹಿಡಿಯಿತು.

ಎರಡನೆಯ ಪ್ರಶ್ನೆಯನ್ನೇ ಕುಟುಂಬಗಳು ಮರೆಯುತ್ತವೆ. ಡೊಂಬಿವಲಿಯಲ್ಲಿ ಸ್ವಂತ ದುಡಿಮೆಯ ಫ್ಲ್ಯಾಟು ಹೊಂದಿದ್ದ ವ್ಯಕ್ತಿ ಉಯಿಲಿಲ್ಲದೆ ತೀರಿಕೊಂಡರೆ, ಹೆಂಡತಿ ಮತ್ತು ಇಬ್ಬರು ಮಕ್ಕಳ ಜೊತೆ ಊರಿನಲ್ಲಿರುವ ಅವನ ತಾಯಿಯೂ ಸಮಾನ ವಾರಸುದಾರಳು. ನಾಲ್ವರಿಗೂ ಕಾಲು ಕಾಲು ಪಾಲು. ಆ ಮನೆ ಮಾರಿ ಊರಿಗೆ ಮರಳಲು ಮಕ್ಕಳ ತಾಯಿ ನಿರ್ಧರಿಸಿದರೆ ಅಪ್ರಾಪ್ತ ಮಕ್ಕಳ ಪಾಲಿನ ಮಾರಾಟಕ್ಕೆ 1956ರ ಪಾಲಕತ್ವ ಕಾಯ್ದೆಯ 8ನೇ ಕಲಂ ಪ್ರಕಾರ ಜಿಲ್ಲಾ ನ್ಯಾಯಾಲಯದ ಪೂರ್ವಾನುಮತಿ ಬೇಕು. ಅನುಮತಿಯಿಲ್ಲದ ಮಾರಾಟವನ್ನು ಮಕ್ಕಳು ದೊಡ್ಡವರಾದ ಮೇಲೆ ರದ್ದು ಮಾಡಿಸಬಹುದು. ಕೊಳ್ಳುವವರ ಬ್ಯಾಂಕು ಇದನ್ನೇ ನೋಡಿ ಸಾಲ ನಿರಾಕರಿಸುತ್ತದೆ. ಅರ್ಜಿ ಹಾಕಬೇಕಾದದ್ದು ಆಸ್ತಿ ಇರುವ ಪ್ರದೇಶದ ನ್ಯಾಯಾಲಯದಲ್ಲಿ. ಹಾಗಾಗಿ ಇಲ್ಲಿನ ಫ್ಲ್ಯಾಟಿಗೆ ಒಂದು ಅನುಮತಿ, ಊರಿನಲ್ಲಿ ತಂದೆ ಕೊಂಡ ನಿವೇಶನಕ್ಕೆ ಇನ್ನೊಂದು. ಟೋಕನ್ ಹಣ ಪಡೆಯುವ ಮೊದಲೇ ಈ ಅರ್ಜಿ ಸಿದ್ಧವಾಗಬೇಕು. ಹಣ ಪಡೆದು ಆಮೇಲೆ ಅನುಮತಿಗೆ ಓಡಿದರೆ ಕರಾರಿನ ಗಡುವು ಮೀರುತ್ತದೆ.

ಮಾತು ಹೋದ ಹಿರಿಯರು, ದೊಡ್ಡವರಾದ ವಿಶೇಷ ಮಕ್ಕಳು

ಪಾರ್ಶ್ವವಾಯು ಹೊಡೆದು ಪ್ರಜ್ಞೆ ಕಳೆದುಕೊಂಡ ತಂದೆಯ ಖಾತೆಯಿಂದ ಆಸ್ಪತ್ರೆಯ ಬಿಲ್ಲು ಕಟ್ಟಲು ಮಕ್ಕಳಿಗೆ ಅಧಿಕಾರವಿರುವುದಿಲ್ಲ. ಮುಂಚೆ ಬರೆಸಿಟ್ಟ ಪವರ್ ಆಫ್ ಅಟಾರ್ನಿಯೂ ಇಂಥ ಹೊತ್ತಿಗೆ ಕೈಕೊಡುತ್ತದೆ. ಬರೆದುಕೊಟ್ಟವರ ಬುದ್ಧಿ ಸ್ತಿಮಿತದಲ್ಲಿ ಇಲ್ಲವಾದಾಗ ಅದು ಕೊನೆಗೊಳ್ಳುತ್ತದೆಂದು ಕರಾರು ಕಾಯ್ದೆಯ 201ನೇ ಕಲಂ ಹೇಳುತ್ತದೆ. ಕೋಮಾದಲ್ಲಿರುವವರಿಗೆ ಪಾಲಕರನ್ನು ನೇಮಿಸಲೆಂದೇ ಇರುವ ಕಾಯ್ದೆ ನಮ್ಮಲ್ಲಿಲ್ಲ. ಹೈಕೋರ್ಟುಗಳು ಸಂವಿಧಾನದ 226ನೇ ವಿಧಿಯಡಿ, ವೈದ್ಯಕೀಯ ವರದಿ ತರಿಸಿಕೊಂಡು ಈ ನೇಮಕ ಮಾಡುತ್ತವೆ. ಮುಂಬಯಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವ ಈ ಕೆಲಸ ವಕೀಲರಿಲ್ಲದೆ ಸಾಗುವಂಥದ್ದಲ್ಲ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹು ಅಂಗವೈಕಲ್ಯವುಳ್ಳ ಮಕ್ಕಳಿಗೆ 18 ತುಂಬಿದೊಡನೆ ತಂದೆತಾಯಿಯ ಸಹಜ ಪಾಲಕತ್ವ ಮುಗಿಯುತ್ತದೆ. ಬ್ಯಾಂಕಿನಲ್ಲಿ, ವಿಮೆಯಲ್ಲಿ ಆ ದಿನದಿಂದ ತೊಡಕು ಶುರುವಾಗುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳು ಇರುವ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ಇದಕ್ಕೆ ನ್ಯಾಯಾಲಯಕ್ಕೆ ಹೋಗಬೇಕಿಲ್ಲ, ವಕೀಲರೂ ಬೇಕಿಲ್ಲ. ತಂದೆತಾಯಿ ತಮ್ಮ ಬಳಿಕ ಯಾರು ಪಾಲಕರೆಂಬುದನ್ನು ಯೋಚಿಸಿ, ಆ ಮಗುವಿನ ಪಾಲಿಗೆ ಉಯಿಲಿನಲ್ಲಿ ಟ್ರಸ್ಟ್ ಮಾಡಿಸುವುದಾದರೆ ಮಾತ್ರ ನುರಿತ ವಕೀಲರ ಕೈಬರಹ ಬೇಕು.

ಹಿರಿಯರ ಇನ್ನೊಂದು ಪ್ರಶ್ನೆ, ಮಕ್ಕಳಿಗೆ ದಾನಪತ್ರ ಮಾಡಿಕೊಟ್ಟ ಮನೆಯಲ್ಲಿ ತಮಗೇ ಜಾಗವಿಲ್ಲದಂತಾಗುವುದು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ನ್ಯಾಯಮಂಡಳಿ ಉಪವಿಭಾಗಾಧಿಕಾರಿಯ ಮುಂದೆ ನಡೆಯುತ್ತದೆ. ಅದರ 23ನೇ ಕಲಂ ಬಳಸಿ ಇಂಥ ದಾನವನ್ನು ರದ್ದುಪಡಿಸಲು ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತು ಇತ್ತೇ ಎಂಬುದು ನಿರ್ಣಾಯಕ. ಆ ಒಂದು ಸಾಲನ್ನು ದಾನಪತ್ರದಲ್ಲೇ ಬರೆಸುವುದು ಮರೆಯಬಾರದು. ಮಗನ ಮೇಲಿನ ನಂಬಿಕೆಗೆ ಅದರಿಂದ ಯಾವ ಕುಂದೂ ಬರುವುದಿಲ್ಲ.

ವಾರಸು: ನಾಮಿನಿ ಯಾರು, ಒಡೆಯ ಯಾರು

ಸೊಸೈಟಿಯ ನಾಮಿನೇಷನ್ ಫಾರ್ಮಿನಲ್ಲಿ ಹೆಸರಿದ್ದ ಮಾತ್ರಕ್ಕೆ ಫ್ಲ್ಯಾಟು ಆ ವ್ಯಕ್ತಿಯದಾಗುವುದಿಲ್ಲ. ನಾಮಿನಿ ವಾರಸುದಾರರ ಪರವಾಗಿ ಆಸ್ತಿಯನ್ನು ಹಿಡಿದುಕೊಳ್ಳುವವರು ಮಾತ್ರ. ವಿಮೆಯ ಬಗ್ಗೆ 1984ರಲ್ಲೂ ಕಂಪನಿ ಷೇರುಗಳ ಬಗ್ಗೆ 2023ರ ಡಿಸೆಂಬರಿನಲ್ಲೂ ಸುಪ್ರೀಂ ಕೋರ್ಟು ಇದೇ ನಿಲುವು ತಳೆದಿದೆ. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಗೆ 2019ರಲ್ಲಿ ಸೇರಿಸಿದ 154-ಬಿ-13 ಕಲಂ ಪ್ರಕಾರ ನಾಮಿನಿಯನ್ನು ತಾತ್ಕಾಲಿಕ ಸದಸ್ಯರನ್ನಾಗಿ ಸೇರಿಸಬಹುದು. ಷೇರು ಪತ್ರ ವಾರಸುದಾರರ ಹೆಸರಿಗೆ ಬರಬೇಕಾದರೆ ಉಯಿಲು, ಉತ್ತರಾಧಿಕಾರ ಪ್ರಮಾಣಪತ್ರ, ವಾರಸು ಪ್ರಮಾಣಪತ್ರ ಅಥವಾ ಕುಟುಂಬದವರೆಲ್ಲ ಒಪ್ಪಿದ ವ್ಯವಸ್ಥಾಪತ್ರ ಬೇಕು.

ಈ ಪ್ರಮಾಣಪತ್ರಗಳ ವಿಷಯದಲ್ಲಿ ಕರ್ನಾಟಕದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಊರಿನ ನಾಡಕಚೇರಿಯಲ್ಲಿ ಪಡೆದ ವಂಶವೃಕ್ಷದಿಂದ ಪಹಣಿಯಲ್ಲಿ ಪೌತಿ ಖಾತೆ ಆಗುತ್ತದೆ. ಠಾಣೆಯ ಸೊಸೈಟಿಗಳು, ಬ್ಯಾಂಕುಗಳು ಸಾಮಾನ್ಯವಾಗಿ ನ್ಯಾಯಾಲಯದ ಪತ್ರವನ್ನೇ ಕೇಳುತ್ತವೆ. ಮಹಾರಾಷ್ಟ್ರದ ಸಿವಿಲ್ ನ್ಯಾಯಾಲಯಗಳು ಇಂದಿಗೂ 1827ರ ಬೊಂಬಾಯಿ ರೆಗ್ಯುಲೇಷನ್ VIIIರ ಅಡಿಯಲ್ಲಿ ವಾರಸು ಪ್ರಮಾಣಪತ್ರ ಕೊಡುತ್ತವೆ. ಬ್ಯಾಂಕ್ ಠೇವಣಿ, ಷೇರು, ಬರಬೇಕಾದ ಸಾಲಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 372ನೇ ಕಲಮಿನ ಉತ್ತರಾಧಿಕಾರ ಪ್ರಮಾಣಪತ್ರ ಬೇರೆ. ಮೃತರು ಕೊನೆಯದಾಗಿ ವಾಸವಿದ್ದ ಊರಿನ ನ್ಯಾಯಾಲಯದಲ್ಲಿ ಅದರ ಅರ್ಜಿ ಹಾಕಬೇಕು. ನಿವೃತ್ತರಾಗಿ ಊರಿಗೆ ಮರಳಿ ಅಲ್ಲೇ ತೀರಿಕೊಂಡವರ ಡೊಂಬಿವಲಿ ಶಾಖೆಯ ಠೇವಣಿಗೂ ಅರ್ಜಿ ಊರಿನಲ್ಲೇ. ಮೊತ್ತ ಸಣ್ಣದಿದ್ದು ತಕರಾರು ಇಲ್ಲದಿದ್ದರೆ ವಕೀಲರ ಹಂಗಿಲ್ಲದೆ ಬ್ಯಾಂಕೇ ಪಾವತಿಸುತ್ತದೆ. 2025ರ ರಿಸರ್ವ್ ಬ್ಯಾಂಕ್ ನಿರ್ದೇಶನ ಇದಕ್ಕೆ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿಯ ಮಿತಿ ಇಟ್ಟಿದೆ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು.

ಹೆಸರುಗಳ ಹೊಂದಾಣಿಕೆ ಈ ಕುಟುಂಬಗಳ ವಿಶೇಷ ಕಷ್ಟ. ಮಹಾರಾಷ್ಟ್ರದ ದಾಖಲೆಗಳಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಊರಿನ ಪಹಣಿಯಲ್ಲಿ ‘ಬಿನ್’, ‘ಕೋಂ’ ಹಚ್ಚಿದ ಹೆಸರು. ಶಾಲೆಯ ಪತ್ರದಲ್ಲಿ ಮನೆತನದ ಇನಿಷಿಯಲ್. ಮೂರೂ ಒಬ್ಬರೇ ಎಂದು ಸಾಬೀತುಪಡಿಸುವುದು ಸತ್ತ ಮೇಲೆ ಬಹಳ ಕಷ್ಟ. ಬದುಕಿದ್ದಾಗಲೇ ಒಂದು ಅಫಿಡವಿಟ್ ಮಾಡಿಸಿಟ್ಟರೆ, ಉಯಿಲಿನಲ್ಲಿ ಎಲ್ಲ ರೂಪಗಳನ್ನೂ ನಮೂದಿಸಿದರೆ ಮಕ್ಕಳ ವರ್ಷಗಟ್ಟಲೆ ಅಲೆದಾಟ ತಪ್ಪುತ್ತದೆ.

ತುಳುನಾಡಿನ ಕುಟುಂಬಗಳಿಗೆ ಬೇರೆಯೇ ಒಂದು ನಿಯಮವಿದೆ. ಮುಂಬಯಿ ಕಡೆಯ ವಕೀಲರಲ್ಲಿ ಅನೇಕರಿಗೆ ಅದರ ಪರಿಚಯವಿರುವುದಿಲ್ಲ. ಬಂಟರು, ಬಿಲ್ಲವರು, ಮೊಗವೀರರು ಮೊದಲಾದ, ತಾಯಿಯ ಕಡೆಯಿಂದ ವಾರಸು ಎಣಿಸುವ ಅಳಿಯಸಂತಾನ ಕಟ್ಟಿನವರಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 17ನೇ ಕಲಂ ಬೇರೆ ಕ್ರಮ ಹಾಕಿಕೊಟ್ಟಿದೆ. ಸಾಮಾನ್ಯ ಹಿಂದೂ ಮಹಿಳೆ ಉಯಿಲಿಲ್ಲದೆ ತೀರಿಕೊಂಡರೆ ಅವಳ ಆಸ್ತಿ ಮೊದಲು ಮಕ್ಕಳಿಗೂ ಗಂಡನಿಗೂ ಹೋಗುತ್ತದೆ. ಅಳಿಯಸಂತಾನದ ಮಹಿಳೆಯದ್ದು ಮೊದಲು ಮಕ್ಕಳಿಗೂ ಅವಳ ತಾಯಿಗೂ ಸೇರುತ್ತದೆ. ಗಂಡ ಬರುವುದು ಎರಡನೇ ಸಾಲಿನಲ್ಲಿ, ಅವಳ ತಂದೆಯ ಜೊತೆಗೆ. ಅಂದರೆ ಠಾಣೆಯಲ್ಲಿ ಶಿಕ್ಷಕಿಯಾಗಿದ್ದ ಮಹಿಳೆ ತನ್ನ ಸಂಬಳದಿಂದ ಕೊಂಡ ಫ್ಲ್ಯಾಟಿನಲ್ಲಿ, ಮಕ್ಕಳಿದ್ದರೆ, ಜೀವಮಾನವೆಲ್ಲ ಜೊತೆಗಿದ್ದ ಗಂಡನಿಗೆ ಪಾಲಿಲ್ಲ, ಕಾರ್ಕಳದಲ್ಲಿರುವ ಅವಳ ತಾಯಿಗೆ ಇದೆ. ಗಂಡಹೆಂಡಿರ ಇಚ್ಛೆ ಇದಕ್ಕಿಂತ ಬೇರೆಯಾಗಿದ್ದರೆ ಉಯಿಲು ಬರೆಯುವುದೊಂದೇ ದಾರಿ.

ಅಳಿಯಕಟ್ಟಿನ ಹೆಸರಿನಲ್ಲಿ ಹುಟ್ಟುವ ಒಂದು ಭಯಕ್ಕೆ ಮಾತ್ರ ಆಧಾರವಿಲ್ಲ. ಗಂಡಸಿನ ಸ್ವಯಾರ್ಜಿತ ಆಸ್ತಿ ಅವನ ಹೆಂಡತಿ, ಮಕ್ಕಳು, ತಾಯಿಗೇ ಹೋಗುತ್ತದೆ, ಅಕ್ಕನ ಮಕ್ಕಳಿಗಲ್ಲ. ಊರಿನ ಕುಟುಂಬದ ಅಥವಾ ಅದರ ಶಾಖೆಯಾದ ಕವರಿನ ಆಸ್ತಿಯಲ್ಲಿ ಅವನಿಗಿದ್ದ ಪಾಲು ಕೂಡ, ಸಾವಿಗೆ ಮುಂಚಿನ ಕ್ಷಣದಲ್ಲಿ ತಲೆಗೊಂದರಂತೆ ಹಂಚಿಕೆಯಾಗಿತ್ತು ಎಂದು ಭಾವಿಸಿ, ಅವನ ವಾರಸುದಾರರಿಗೇ ಸಲ್ಲುತ್ತದೆಂದು 7ನೇ ಕಲಂ ಹೇಳುತ್ತದೆ. ತರವಾಡು ಮನೆಯ ಪಾಲುಪಟ್ಟಿಯ ಪ್ರಶ್ನೆಗೆ ಮಂಗಳೂರು, ಉಡುಪಿಯಲ್ಲಿ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ ಪಳಗಿದ ವಕೀಲರನ್ನೇ ಕೇಳಬೇಕು.

ಉಳಿದ ಹಿಂದೂ ಕುಟುಂಬಗಳಲ್ಲಿ ಈಗ ಹೆಚ್ಚು ಬಿಸಿಯಾಗಿರುವುದು ಹೆಣ್ಣುಮಕ್ಕಳ ಪಾಲು. 2005ರ ಸೆಪ್ಟೆಂಬರ್ 9ರ ತಿದ್ದುಪಡಿ ಮಗಳನ್ನೂ ಹುಟ್ಟಿನಿಂದಲೇ ಸಹಭಾಗಿಯನ್ನಾಗಿಸಿತು. ತಂದೆ ಆ ದಿನ ಬದುಕಿರಬೇಕಿಲ್ಲವೆಂದು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಸ್ಪಷ್ಟಪಡಿಸಿತು. ಬಾಗಲಕೋಟೆಯಿಂದಲೋ ಹಾಸನದಿಂದಲೋ ಕಲ್ಯಾಣ್‌ಗೆ ಮದುವೆಯಾಗಿ ಬಂದ ಅಕ್ಕತಂಗಿಯರಿಗೆ ‘ಇದೊಂದು ಸಹಿ ಹಾಕಿ ಕಳುಹಿಸು’ ಎಂದು ಬರುವ ಬಿಡುಗಡೆ ಪತ್ರಗಳ ಹಿಂದೆ ಈ ತೀರ್ಪು ಇರುತ್ತದೆ. ಪ್ರೀತಿಯಿಂದ ಪಾಲು ಬಿಟ್ಟುಕೊಡುವುದು ಅವರವರ ಇಷ್ಟ. ಆದರೆ ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದನ್ನು ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬಾರದು. ಅರ್ಧ ಗಂಟೆಯ ವಕೀಲರ ಸಲಹೆಗೆ ಇದಕ್ಕಿಂತ ತಕ್ಕ ಸಂದರ್ಭ ಮತ್ತೊಂದಿಲ್ಲ.

ಉಯಿಲಿಗೆ ಸ್ಟಾಂಪು ಬೇಡ, ನೋಂದಣಿ ಕಡ್ಡಾಯವಲ್ಲ, ಕನ್ನಡದಲ್ಲೇ ಬರೆಯಬಹುದು. ಇಬ್ಬರು ಸಾಕ್ಷಿಗಳು ಬರೆದವರ ಸಹಿಯನ್ನು ನೋಡಿರಬೇಕು ಇಲ್ಲವೇ ಅದು ತಮ್ಮ ಸಹಿಯೆಂದು ಬರೆದವರಿಂದಲೇ ಕೇಳಿರಬೇಕು, ಮತ್ತು ಬರೆದವರ ಎದುರೇ ತಾವೂ ಸಹಿ ಹಾಕಿರಬೇಕು. ವಿವಾದ ಬಂದರೆ ಅವರಲ್ಲಿ ಒಬ್ಬರಾದರೂ ಬಂದು ನುಡಿಯಬೇಕಾಗುವುದರಿಂದ ವಯಸ್ಸಿನಲ್ಲಿ ಕಿರಿಯರಾದ, ಇಲ್ಲೇ ವಾಸವಿರುವ ಸಾಕ್ಷಿಗಳು ಲೇಸು. ಮುಂಬಯಿ ನಗರದ ಆಸ್ತಿಯ ಹಿಂದೂ ಉಯಿಲುಗಳಿಗೆ ಬಹುಕಾಲ ಪ್ರೊಬೇಟ್, ಅಂದರೆ ನ್ಯಾಯಾಲಯದ ದೃಢೀಕರಣ, ಕಡ್ಡಾಯವಿತ್ತು. ಮುಲುಂಡಿನ ಮನೆಗೆ ಬೇಕು, ನಾಕಾ ದಾಟಿದ ಠಾಣೆಯ ಮನೆಗೆ ಬೇಡ ಎಂಬ ಸ್ಥಿತಿ ಅದರಿಂದ ಉಂಟಾಗಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಉತ್ತರಾಧಿಕಾರ ಕಾಯ್ದೆಯ 213ನೇ ಕಲಮನ್ನು ಕೈಬಿಟ್ಟು ಆ ಭೇದವನ್ನು ತೆಗೆದುಹಾಕಿತು. ವಾರಸುದಾರರಲ್ಲಿ ಜಗಳವಿದ್ದಲ್ಲಿ ಪ್ರೊಬೇಟ್ ಪಡೆಯುವುದು ಈಗಲೂ ಜಾಣತನ. ಮುಸ್ಲಿಮರು ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನಲ್ಲಿ ಕೊಡುವಂತಿಲ್ಲ. ಕ್ರೈಸ್ತರು ಉಯಿಲು ಬರೆದ ಬಳಿಕ ಮದುವೆಯಾದರೆ ಅದು ತಾನಾಗಿ ರದ್ದಾಗುತ್ತದೆ.

ಉಯಿಲಿನಿಂದಲೂ ಕೊಡಲಾಗದ ಆಸ್ತಿಗಳಿವೆ. ಠಾಣೆ, ಡೊಂಬಿವಲಿಯ ಹಳೆಯ ಚಾಳುಗಳ ಪಗಡಿ ಬಾಡಿಗೆ ಹಕ್ಕು ಅಂಥದ್ದು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಅದನ್ನು ಬಾಡಿಗೆದಾರನ ಸಾವಿನ ಹೊತ್ತಿಗೆ ಜೊತೆಗೆ ವಾಸವಿದ್ದ ಕುಟುಂಬದವರಿಗೆ ಕೊಡುತ್ತದೆ. ರೇಷನ್ ಕಾರ್ಡು, ಮತದಾರರ ಪಟ್ಟಿಯಲ್ಲಿ ಅದೇ ವಿಳಾಸವಿರುವುದು ಆಗ ಸಾಕ್ಷ್ಯವಾಗುತ್ತದೆ. ನವಿಮುಂಬಯಿಯ ಅನೇಕ ಮನೆಗಳು ಸಿಡ್ಕೊ ಗುತ್ತಿಗೆಗೆ ಕೊಟ್ಟ ಜಮೀನಿನ ಮೇಲಿರುವುದರಿಂದ ಸೊಸೈಟಿಯ ಜೊತೆ ಸಿಡ್ಕೊ ದಾಖಲೆಯಲ್ಲೂ ಹೆಸರು ಬದಲಾಗಬೇಕು. ಹೋಟೆಲು ಪಾಲುದಾರಿಕೆಯಲ್ಲಿದ್ದರೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಪಾಲುದಾರನ ಸಾವಿನೊಂದಿಗೆ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಸಾವಿನ ಬಳಿಕ ಹೆಂಡತಿ ಮಕ್ಕಳಿಗೆ ಏನು ಸಿಗಬೇಕೆಂಬ ಕಲಮನ್ನು ಪಾಲುದಾರಿಕೆ ಪತ್ರದಲ್ಲಿ ಬರೆಸದ ಹೋಟೆಲು ಮಾಲೀಕರು ತಮ್ಮ ಮನೆಯವರನ್ನು ಪಾಲುದಾರರ ಕೃಪೆಗೆ ಬಿಟ್ಟಂತೆ.

ವಕೀಲರನ್ನು ಗೊತ್ತುಮಾಡುವುದು

ದೇಶದ ಯಾವ ವಕೀಲರಾದರೂ ಯಾವ ನ್ಯಾಯಾಲಯದಲ್ಲೂ ವಾದಿಸಬಹುದು. ಆದರೂ ಇಲ್ಲಿನ ಫ್ಲ್ಯಾಟಿಗೆ ಇಲ್ಲಿನವರು, ಊರಿನ ಜಮೀನಿಗೆ ಊರಿನವರು ಎಂದು ಇಬ್ಬರನ್ನು ಗೊತ್ತುಮಾಡಿ, ಇಬ್ಬರೂ ಪರಸ್ಪರ ಮಾತಾಡುವಂತೆ ಮಾಡುವುದು ಮೇಲು. ಇಲ್ಲದಿದ್ದರೆ ಒಂದು ನ್ಯಾಯಾಲಯದಲ್ಲಿ ಜಂಟಿ ಆಸ್ತಿ ಎಂದದ್ದು ಇನ್ನೊಂದರಲ್ಲಿ ಸ್ವಯಾರ್ಜಿತವಾಗಿಬಿಡುತ್ತದೆ, ಎದುರುಪಕ್ಷದವರು ಆ ವಿರೋಧಾಭಾಸವನ್ನು ಹಿಡಿದೇ ಗೆಲ್ಲುತ್ತಾರೆ. ಗೆದ್ದ ಆಸ್ತಿಯಲ್ಲಿ ಶೇಕಡಾವಾರು ಶುಲ್ಕ ಕೇಳುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಮೂಲ ದಾಖಲೆಗಳನ್ನು ಕೊಟ್ಟುಬಿಡದೆ ಪ್ರತಿಗಳನ್ನು ಕೊಡಬೇಕು. ಕೊಡಲೇಬೇಕಾದಾಗ ರಸೀದಿ ಪಡೆಯಬೇಕು. ಪ್ರಕರಣದ ಸಿಎನ್‌ಆರ್ ಸಂಖ್ಯೆ ಪಡೆದಿಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ತಾರೀಖು, ಆದೇಶ ಎಲ್ಲವನ್ನೂ ಯಾರನ್ನೂ ಕಾಡದೆ ನೋಡಬಹುದು.

ಶುಲ್ಕ ಕೊಡಲಾಗದವರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಇದಕ್ಕೆ ಅರ್ಹರು. ಸಹಾಯವಾಣಿ 15100. ಠಾಣೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ತಾಲೂಕು ನ್ಯಾಯಾಲಯಗಳಲ್ಲಿ ಸಮಿತಿಗಳಿವೆ.

ಮಹಾರಾಷ್ಟ್ರದ ಕೆಳಹಂತದ ನ್ಯಾಯಾಲಯಗಳಲ್ಲಿ ವ್ಯವಹಾರ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ನಡೆಯುವುದರಿಂದ ಕನ್ನಡದ ಉಯಿಲು, ಪಹಣಿ, ಪಾಲುಪಟ್ಟಿ, ಲಗ್ನಪತ್ರಿಕೆಗಳ ದೃಢೀಕೃತ ಅನುವಾದ ಬೇಕು. ಇದಕ್ಕೆ ಹಲವು ವಾರ ಹಿಡಿಯಬಹುದಾದ್ದರಿಂದ ಅರ್ಜಿಯ ಜೊತೆಗೇ ಆರಂಭಿಸುವುದು ಒಳ್ಳೆಯದು. ಊರಿನ ನೋಂದಣಿ ಕಚೇರಿಗೆ ಖುದ್ದು ಹೋಗಲಾಗದವರು ಬೇರೆಯವರಿಂದ ದಸ್ತಾವೇಜು ಹಾಜರುಪಡಿಸಲು ಬರೆಸುವ ಪವರ್ ಆಫ್ ಅಟಾರ್ನಿಯನ್ನು ತಾವು ವಾಸವಿರುವ ಕಲ್ಯಾಣ್ ಅಥವಾ ಠಾಣೆಯ ಸಬ್-ರಿಜಿಸ್ಟ್ರಾರರ ಮುಂದೆ ದೃಢೀಕರಿಸಬೇಕು, ಬರೀ ನೋಟರಿಯ ಮುದ್ರೆ ಈ ಕೆಲಸಕ್ಕೆ ಸಾಲದು. ವಿದೇಶದಲ್ಲಿರುವ ಮಕ್ಕಳು ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸದಲ್ಲಿ ಬರೆದು ಕಳುಹಿಸಿದ ಪವರ್ ಆಫ್ ಅಟಾರ್ನಿಗೆ ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಸ್ಟಾಂಪು ಶುಲ್ಕ ಕಟ್ಟಬೇಕು.